ಬೂದು ಚುಕ್ಕಿಯ ಹಿಂದಿನ ಹೆಸರು: ಗೇಮ್‌ಗಳಲ್ಲಿ ಗುಟ್ಟು ಅಡಗಿಸುವ ಚಟ ಎಲ್ಲಿಂದ ಬಂತು

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಅಂತ ಒಂದು ಸಾಹಸದ ಗೇಮ್ ಮಾಡಿದರೆ ಅದರಲ್ಲೊಂದು ಕಳ್ಳ ಕೋಣೆ ಇರಲೇಬೇಕು. ಗೋಡೆಯ ಹಿಂದೆ ತಂಡದವರ ಅಡ್ಡಹೆಸರು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದರೆ ತುಂಬುವ ಪ್ರಾಣ, ದೇವರಾಯನದುರ್ಗದ ಬೆಟ್ಟ ಹೋಲುವ ಒಂದು ಹಿನ್ನೆಲೆ ಚಿತ್ರ. ಇದಕ್ಕೆ ‘ಈಸ್ಟರ್ ಎಗ್’ ಎನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಇದು ತಮಾಷೆಯಾಗಿ ಹುಟ್ಟಲಿಲ್ಲ, ಕೆಲಸ ಮಾಡಿದವನ ಹೆಸರು ಹಾಕುವುದಿಲ್ಲ ಎಂಬ ಕಂಪನಿಯ ಹಟಕ್ಕೆ ಉತ್ತರವಾಗಿ ಹುಟ್ಟಿತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅಮೆರಿಕದ ವಿಡಿಯೋ ಗೇಮ್ ಕಂಪನಿ ಅಟಾರಿಯಲ್ಲಿ 1970ರ ದಶಕದ ಕೊನೆಯಲ್ಲಿ ಒಂದು ಗೇಮ್ ಎಂದರೆ ಒಬ್ಬನೇ ಮನುಷ್ಯ. ಕಲ್ಪನೆ, ಕೋಡ್, ಚಿತ್ರ, ಸದ್ದು ಎಲ್ಲವೂ ಅವನದೇ. ಡಬ್ಬಿಯ ಮೇಲೆ ಮಾತ್ರ ಕಂಪನಿಯ ಹೆಸರು. ಅಲ್ಲಿ ಗೇಮ್ ಮಾಡುತ್ತಿದ್ದ ವಾರೆನ್ ರಾಬಿನೆಟ್‌ಗೆ ಸಿಗುತ್ತಿದ್ದದ್ದು ವರ್ಷಕ್ಕೆ ಸುಮಾರು 22,000 ಡಾಲರ್ ಸಂಬಳ, ರಾಯಲ್ಟಿ ಇಲ್ಲ. ಅವರು ಮಾಡಿದ ‘ಅಡ್ವೆಂಚರ್’ 1980ರಲ್ಲಿ ಮಾರುಕಟ್ಟೆಗೆ ಬಂದು, ಒಂದಕ್ಕೆ 25 ಡಾಲರ್‌ನಂತೆ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಟ್ರಿಜ್ (ಗೇಮ್ ತುಂಬಿಸಿ ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿ) ಮಾರಾಟವಾಯಿತು. ಇದೇ ಅಸಮಾಧಾನದಿಂದ ಅಟಾರಿಯ ನಾಲ್ವರು ವಿನ್ಯಾಸಕರು ಹೊರಬಿದ್ದು 1979ರ ಅಕ್ಟೋಬರ್‌ನಲ್ಲಿ ಆಕ್ಟಿವಿಷನ್ ಎಂಬ ಸ್ವಂತ ಗೇಮ್ ಕಂಪನಿ ಕಟ್ಟಿದರು. ರಾಬಿನೆಟ್ ಜಗಳವಾಡಲಿಲ್ಲ. ತನ್ನ ಹೆಸರನ್ನು ಗೇಮ್‌ನೊಳಗೆ ಹೂತಿಟ್ಟು, ಯಾರಿಗೂ ಹೇಳದೆ ಕೆಲಸ ಬಿಟ್ಟು ಹೋದರು.

ನಮ್ಮ ಕಡೆ ಇದು ವಿಚಿತ್ರವಾಗಿ ಕಾಣುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚನ್ನಕೇಶವ ಮೂರ್ತಿಯ ಪೀಠದ ಮೇಲೆ ಹೊನೋಜ ಎಂಬ ಶಿಲ್ಪಿಯ ಹೆಸರು ಕೊರೆದಿದೆ, ಎಲ್ಲರ ಕಣ್ಣಿಗೆ ಬೀಳುವಂತೆ. ಹೊಯ್ಸಳರ ಕಾಲದ ಕಲ್ಲುಕುಟಿಗನಿಗೆ ಇದ್ದ ಮರ್ಯಾದೆ ಕ್ಯಾಲಿಫೋರ್ನಿಯಾದ ಎಂಜಿನಿಯರ್‌ಗೆ ಇರಲಿಲ್ಲ.

ಆ ಗುಟ್ಟು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈಗಲೂ ಕಣ್ಣಾರೆ ನೋಡಬಹುದು. ಹಳೇ ಲ್ಯಾಪ್‌ಟಾಪ್ ಆದರೂ ಸಾಕು, ‘ಸ್ಟೆಲ್ಲಾ’ ಎಂಬ ಉಚಿತ ಎಮ್ಯುಲೇಟರ್ (ಹಳೇ ಅಟಾರಿ ಯಂತ್ರದಂತೆ ನಟಿಸುವ ತಂತ್ರಾಂಶ) ಓಡುತ್ತದೆ. ಅದರಲ್ಲಿ ಎಫ್1 ಒತ್ತಿದರೆ ಆಟದ ಹಂತ ಬದಲಾಗುತ್ತದೆ, ಎಫ್2 ರೀಸೆಟ್, ಬಾಣದ ಕೀಲಿಗಳಿಂದ ಚಲನೆ, ಸ್ಪೇಸ್ ಬಾರ್‌ನಿಂದ ಕೈಯಲ್ಲಿದ್ದ ವಸ್ತು ಬಿಡುವುದು. ಎರಡನೇ ಹಂತ ಆರಿಸಿಕೊಳ್ಳಿ. ಕಪ್ಪು ಬೀಗದಕೈ ಹುಡುಕಿ ಕಪ್ಪು ಕೋಟೆಯ ಬಾಗಿಲು ತೆಗೆಯಬೇಕು, ಆಮೇಲೆ ಸೇತುವೆಯನ್ನು (ಈ ಆಟದಲ್ಲಿ ಅದೂ ಎತ್ತಿಕೊಂಡು ಓಡಾಡುವ ವಸ್ತು) ಒಳಗೆ ತರಬೇಕು. ಒಳಗಿನ ಚಕ್ರವ್ಯೂಹದಲ್ಲಿ ನಾಲ್ಕೂ ಕಡೆ ಗೋಡೆ ಇರುವ ಒಂದು ಪುಟ್ಟ ಮುಚ್ಚಿದ ಜಾಗವಿದೆ. ಸೇತುವೆಯನ್ನು ಗೋಡೆಗೆ ಅಡ್ಡ ಇಟ್ಟು ಅದರೊಳಗೆ ನುಗ್ಗಿದರೆ ಅಲ್ಲೊಂದು ಚುಕ್ಕಿ. ಒಂದೇ ಒಂದು ಪಿಕ್ಸೆಲ್, ಅದೂ ನೆಲದ ಬೂದು ಬಣ್ಣದ್ದೇ. ಕಣ್ಣಿಗೆ ಕಾಣದು. ಎತ್ತಿಕೊಂಡಾಗ ಬರುವ ‘ಟಿಂಗ್’ ಸದ್ದಿನಿಂದಲೇ ಸಿಕ್ಕಿತೆಂದು ತಿಳಿಯಬೇಕು. ಉಳಿದೆಲ್ಲ ವಸ್ತುಗಳನ್ನು ಎಳೆಯುವ ಅಯಸ್ಕಾಂತ ಈ ಚುಕ್ಕಿಯನ್ನು ಮಾತ್ರ ಎಳೆಯುವುದಿಲ್ಲ. ಹಾಗಾಗಿ ಆಕಸ್ಮಿಕವಾಗಿ ಕೈಗೆ ಬರುವ ದಾರಿಯೂ ಮುಚ್ಚಿದೆ.

ಚುಕ್ಕಿಯನ್ನು ಹಳದಿ ಕೋಟೆಯ ಕೆಳಗಿನ ಹಜಾರದ ಪೂರ್ವ ತುದಿಯ ಕೋಣೆಗೆ ತರಬೇಕು. ಅಲ್ಲಿ ಬಲಗಡೆ ತೆಳುವಾದ ಒಂದು ಗೆರೆ ಗೋಡೆಯಾಗಿ ನಿಂತಿದೆ. ಬರೀ ಚುಕ್ಕಿ ತಂದರೆ ಏನೂ ಆಗುವುದಿಲ್ಲ, ಹೆಚ್ಚಿನವರು ಸೋಲುವುದು ಇಲ್ಲೇ. ಅದೇ ಕೋಣೆಯಲ್ಲಿ ಇನ್ನೂ ಎರಡು ವಸ್ತು ಇರಬೇಕು, ಕತ್ತಿ ಮತ್ತು ಒಂದು ಬೀಗದಕೈ ಆದರೂ ಸರಿ. ಕೈಯಲ್ಲಿ ಒಂದು ಸಲಕ್ಕೆ ಒಂದೇ ವಸ್ತು ಹಿಡಿಯುವುದರಿಂದ ಮೊದಲು ಆ ಎರಡನ್ನು ತಂದಿಟ್ಟು, ಕೊನೆಗೆ ಚುಕ್ಕಿಗೆ ಹೋಗುವುದು ಜಾಣತನ. ಮೂರೂ ಸೇರಿದ ಕೂಡಲೇ ಎಲ್ಲವೂ ಪಟಪಟ ಮಿನುಗತೊಡಗುತ್ತವೆ, ಬಲಗಡೆಯ ಗೆರೆಯೂ ಸಹ. ಆಗ ಬಲಕ್ಕೆ ಒತ್ತುತ್ತಾ ಹೋದರೆ ಗೋಡೆ ದಾಟಿ ಹೊಸ ಕೋಣೆ ಸೇರುತ್ತೀರಿ. ಅಲ್ಲಿ ಬಣ್ಣ ಬದಲಿಸುತ್ತಾ ಮೇಲಿನಿಂದ ಕೆಳಕ್ಕೆ ‘ಕ್ರಿಯೇಟೆಡ್ ಬೈ ವಾರೆನ್ ರಾಬಿನೆಟ್’ ಎಂಬ ಬರಹ.

ಮಿನುಗುವುದು ಯಾಕೆ? ಈ ಆಟ ಓಡುತ್ತಿದ್ದ ಅಟಾರಿ ಯಂತ್ರದಲ್ಲಿ ಚಿತ್ರ ಬಿಡಿಸುವ ಚಿಪ್‌ಗೆ ಬಿಡಿಸಲು ಬರುತ್ತಿದ್ದ ದೊಡ್ಡ ಆಕೃತಿಗಳು ಎರಡೇ. ನಾಯಕ ಎನ್ನಿಸಿಕೊಳ್ಳುವ ಚೌಕ ಕೂಡ ನಿಜದಲ್ಲಿ ಬೇರೆ ಆಟಗಳಲ್ಲಿ ಚೆಂಡಿಗೆಂದು ಇಟ್ಟಿದ್ದ ಚುಕ್ಕಿ. ಕೋಣೆಯಲ್ಲಿ ಮೂರನೇ ವಸ್ತು ಬಂದರೆ ಪ್ರೋಗ್ರಾಂ ಸರದಿಯ ಮೇಲೆ ಒಂದೊಂದನ್ನು ತೋರಿಸುತ್ತದೆ, ನಮ್ಮ ಕಣ್ಣಿಗೆ ಅದು ಮಿನುಗು. ಒಟ್ಟು ಕಾರ್ಟ್ರಿಜ್ 4 ಕೆಬಿ, ಓಡುವಾಗ ಬಳಸುವ ಮೆಮೊರಿ ಬರೀ 128 ಬೈಟ್. ಅಷ್ಟರಲ್ಲೇ 30 ಕೋಣೆ, ಮೂರು ಡ್ರ್ಯಾಗನ್ (ನೋಡಲು ಬಾತುಕೋಳಿಗಳೇ), ಕದಿಯುವ ಒಂದು ಬಾವಲಿ. ಈ ಬಾವಲಿಯೇ ದೊಡ್ಡ ತಲೆನೋವು: ನೀವು ಜೋಡಿಸಿಟ್ಟ ಕತ್ತಿಯನ್ನು ಎತ್ತಿಕೊಂಡು ಹೋಗಿ ಅದರ ಜಾಗದಲ್ಲಿ ಇನ್ನೇನನ್ನೋ ಬಿಟ್ಟಿರುತ್ತದೆ. ಡ್ರ್ಯಾಗನ್ ನುಂಗಿದರೆ ಗಾಬರಿಯಾಗಿ ಮುಚ್ಚಬೇಡಿ. ರೀಸೆಟ್ ಒತ್ತಿದರೆ ಹಳದಿ ಕೋಟೆಯ ಮುಂದೆ ಎದ್ದು ನಿಲ್ಲುತ್ತೀರಿ, ವಸ್ತುಗಳು ಇದ್ದಲ್ಲೇ ಇರುತ್ತವೆ. ಕೊಂದ ಡ್ರ್ಯಾಗನ್‌ಗಳೂ ಎದ್ದು ಬರುತ್ತವೆ ಎಂಬುದಷ್ಟೇ ದಂಡ.

1980ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗನೊಬ್ಬ ಇದನ್ನೆಲ್ಲ ಕಂಡುಹಿಡಿದು ಅಟಾರಿಗೆ ಪತ್ರ ಬರೆದ. ಹೆಸರು ತೆಗೆಯಬೇಕೆಂದರೆ ಚಿಪ್‌ನ ಅಚ್ಚು ಬದಲಿಸಬೇಕು, ಅದಕ್ಕೆ ಸುಮಾರು 10,000 ಡಾಲರ್ ಖರ್ಚು. ಅಟಾರಿಯ ಸಾಫ್ಟ್‌ವೇರ್ ವಿಭಾಗದ ಸ್ಟೀವ್ ರೈಟ್ ಲೆಕ್ಕ ಹಾಕಿದ್ದೇ ಬೇರೆ: ಇದ್ದರೆ ಇರಲಿ, ಮಕ್ಕಳು ಈಸ್ಟರ್ ಹಬ್ಬದಲ್ಲಿ ಮೊಟ್ಟೆ ಹುಡುಕುವಂತೆ ಹುಡುಕಲಿ, ಮುಂದಿನ ಗೇಮ್‌ಗಳಲ್ಲೂ ಇಡೋಣ. ಬಂಡಾಯ ಒಂದೇ ನಿರ್ಧಾರದಲ್ಲಿ ಮಾರಾಟದ ತಂತ್ರವಾಯಿತು. ಹೆಸರು ಅಡಗಿಸಿದ ಮೊದಲಿಗರು ರಾಬಿನೆಟ್ ಅಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. 1977ರ ‘ಸ್ಟಾರ್‌ಶಿಪ್ 1’ ಎಂಬ ಆರ್ಕೇಡ್ ಯಂತ್ರದಲ್ಲಿ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ‘ಹಾಯ್ ರಾನ್!’ ಎಂದು ಬಂದು (ರಾನ್ ಎಂದರೆ ಅದನ್ನು ಮಾಡಿದ ರಾನ್ ಮಿಲ್ನರ್) ಹತ್ತು ಆಟ ಪುಕ್ಕಟೆ ಸಿಗುತ್ತಿತ್ತು. ಅದು ಬಯಲಾಗಿದ್ದು 2017ರಲ್ಲಿ, 40 ವರ್ಷದ ನಂತರ. ಆದರೆ ಪರಂಪರೆ ಹುಟ್ಟಿದ್ದು ಅಡ್ವೆಂಚರ್‌ನಿಂದಲೇ.

ಬೇರೆ ಕೃತಿಗಳಿಗೆ ಕಣ್ಣು ಮಿಟುಕಿಸುವ ಉಲ್ಲೇಖಗಳದ್ದು ಇನ್ನೊಂದು ದಾರಿ. ರಾಬಿನೆಟ್‌ಗೆ ಪ್ರೇರಣೆಯಾದದ್ದು ವಿಲ್ ಕ್ರೌಥರ್ ಮತ್ತು ಡಾನ್ ವುಡ್ಸ್ ಬರೆದ ‘ಕೊಲಾಸಲ್ ಕೇವ್’ ಎಂಬ ಅಕ್ಷರಗಳದ್ದೇ ಆಟ. ಅದರಲ್ಲಿ ‘ಎಕ್ಸ್‌ವೈಜೆಡ್‌ಜೆಡ್‌ವೈ’ ಎಂದು ಟೈಪ್ ಮಾಡಿದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಬಹುದಿತ್ತು. ಆ ಮಂತ್ರ ತುಮಕೂರಿನ ಸೈಬರ್ ಕೆಫೆಗಳಿಗೂ ಬಂದಿತ್ತು, ಯಾರೂ ಗಮನಿಸಲಿಲ್ಲ ಅಷ್ಟೆ. ವಿಂಡೋಸ್ ಎಕ್ಸ್‌ಪಿಯ ಮೈನ್‌ಸ್ವೀಪರ್ ತೆರೆದು ಆ ಐದು ಅಕ್ಷರ ಒತ್ತಿ, ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಪರದೆಯ ಎಡಮೇಲ್ತುದಿಯ ಒಂದು ಪಿಕ್ಸೆಲ್ ಜೀವ ಪಡೆಯುತ್ತದೆ: ಮೌಸ್ ಕೆಳಗಿನ ಚೌಕದಲ್ಲಿ ಬಾಂಬ್ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ.

ಜಪಾನ್‌ನಲ್ಲಿ ಗುಟ್ಟು ಹೆಸರಿನಿಂದ ಕಳಚಿಕೊಂಡು ಆಟದ ಭಾಗವೇ ಆಯಿತು. 1986ರ ‘ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ಗುರುತೇ ಇಲ್ಲದ ಬಂಡೆಗೆ ಬಾಂಬ್ ಇಟ್ಟರೆ ಗುಹೆ ತೆರೆಯುತ್ತದೆ. ಆಟಗಾರನ ಹೆಸರಿನ ಜಾಗದಲ್ಲಿ ‘ಜೆಲ್ಡಾ’ ಎಂದು ಇಂಗ್ಲಿಷ್‌ನಲ್ಲಿ ಬರೆದರೆ ನಕ್ಷೆಯೇ ಬದಲಾದ ಎರಡನೇ ಆಟ ನೇರವಾಗಿ ಶುರು. ಇದಕ್ಕೆ ಕಾರಣ ಒಂದು ಲೆಕ್ಕದ ಎಡವಟ್ಟು: ನೆಲಮಾಳಿಗೆಗಳ ನಕ್ಷೆ ಜೋಡಿಸುವಾಗ ವಿನ್ಯಾಸಕ ತಕಾಶಿ ತೆಜುಕಾ ಇದ್ದ ಜಾಗದ ಅರ್ಧವನ್ನಷ್ಟೇ ಬಳಸಿದ್ದರು, ಉಳಿದರ್ಧದಲ್ಲಿ ಇನ್ನೊಂದು ಆಟ ತುಂಬಿಸಿದರು. ಅದೇ ಸರಣಿಯ 1991ರ ‘ಎ ಲಿಂಕ್ ಟು ದ ಪಾಸ್ಟ್’ನಲ್ಲಿ 45 ನೀಲಿ ರತ್ನಗಳಿರುವ ಕೋಣೆಯೊಂದಿದೆ. ಲಿಂಕ್‌ನನ್ನು (ಆಟದ ನಾಯಕ) ಎಲ್ಲಿಗೆ ಕಳಿಸಬೇಕೆಂದು ಪ್ರೋಗ್ರಾಂಗೆ ತೋಚದಿದ್ದರೆ ಆಟ ನಿಂತುಹೋಗದಿರಲೆಂದು ಇಟ್ಟ ತುರ್ತು ಕೋಣೆ ಅದು. ಅಮೆರಿಕದ ಆವೃತ್ತಿಯಲ್ಲಿ ಅದಕ್ಕೆ ಪತ್ರಿಕೆಯ ಸ್ಪರ್ಧೆ ಗೆದ್ದ ಓದುಗನ ಹೆಸರಿಟ್ಟರು. ಇಂಥವು ನನಗೆ ಹೆಚ್ಚು ಇಷ್ಟ. ಯೋಜನೆ ಹಾಕಿ ಇಟ್ಟ ಗುಟ್ಟಿಗಿಂತ ಯಂತ್ರದ ಇಕ್ಕಟ್ಟಿನಿಂದ ಹುಟ್ಟಿದ ಗುಟ್ಟಿಗೆ ತೂಕ ಜಾಸ್ತಿ.

ಗಾಳಿಸುದ್ದಿಯೂ ಗುಟ್ಟು ಹುಟ್ಟಿಸುತ್ತದೆ. ಮೊದಲ ‘ಡಯಾಬ್ಲೊ’ದಲ್ಲಿ ಊರಿನ ಹಸುವನ್ನು ಇಷ್ಟು ಸಲ ಕ್ಲಿಕ್ ಮಾಡಿದರೆ ಗುಪ್ತ ಹಂತ ತೆರೆಯುತ್ತದೆ ಎಂದು ಪುಕಾರು ಹಬ್ಬಿತು, ಶುದ್ಧ ಸುಳ್ಳು. ಅದನ್ನು ಹೊರತಂದ ಬ್ಲಿಜರ್ಡ್ ಕಂಪನಿ 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ‘ಹಸುವಿನ ಹಂತ ಇಲ್ಲ’ ಎಂಬ ಸಾಲನ್ನೇ ಚೀಟ್ ಕೋಡ್ (ಟೈಪ್ ಮಾಡಿದರೆ ಆಟದಲ್ಲಿ ಅನುಕೂಲ ಕೊಡುವ ಗುಪ್ತ ಪದ) ಮಾಡಿತು. 2000ದ ‘ಡಯಾಬ್ಲೊ 2’ರಲ್ಲಿ ನಿಜವಾಗಿಯೂ ಹಸುವಿನ ಹಂತ ಇಟ್ಟಿತು. ಯಾವ ಕಷ್ಟದ ಮಟ್ಟದಲ್ಲಿ ಅದನ್ನು ತೆರೆಯಬೇಕೋ ಆ ಮಟ್ಟದಲ್ಲಿ ಮೊದಲು ಆಟ ಮುಗಿಸಿರಬೇಕು. ಸ್ಟೋನಿ ಫೀಲ್ಡ್‌ನ ಕಲ್ಲುಗಳ ಮೂಲಕ ಟ್ರಿಸ್ಟ್ರಮ್‌ಗೆ ಹೋಗಿ ವರ್ಟ್‌ನ ಶವದಿಂದ ಮರದ ಕಾಲು ತರಬೇಕು. ಅದನ್ನೂ ಟೌನ್ ಪೋರ್ಟಲ್‌ನ ಪುಸ್ತಕವನ್ನೂ ವಸ್ತುಗಳನ್ನು ಬೆರೆಸಿ ಹೊಸದು ಮಾಡುವ ಹೊರಾಡ್ರಿಕ್ ಪೆಟ್ಟಿಗೆಗೆ ಹಾಕಿ, ಮೊದಲ ಅಂಕದ ಬೀಡಿನಲ್ಲಿ ನಿಂತು ಗುಂಡಿ ಒತ್ತಬೇಕು. ಪುಸ್ತಕದ ಬದಲು ಬಿಡಿ ಸುರುಳಿ ಹಾಕಿದರೆ ಕೆಲಸವಾಗದು, ಬೇರೆ ಅಂಕದ ಊರಿನಲ್ಲಿ ನಿಂತರೂ ಆಗದು. ಹಳೇ ಆವೃತ್ತಿಗಳಲ್ಲಿ ಇನ್ನೊಂದು ಬಲೆ ಇತ್ತು: ಹಸುಗಳ ರಾಜನನ್ನು ಕೊಂದರೆ ಆ ಪಾತ್ರಕ್ಕೆ ಆ ಮಟ್ಟದಲ್ಲಿ ಬಾಗಿಲು ಮತ್ತೆ ತೆರೆಯುತ್ತಿರಲಿಲ್ಲ.

ಇಲ್ಲದ್ದನ್ನು ಹುಡುಕುವ ಹುಚ್ಚಿನ ತುತ್ತತುದಿ ಎಂದರೆ 2005ರ ‘ಶ್ಯಾಡೋ ಆಫ್ ದ ಕೊಲಾಸಸ್’. ಆಟದಲ್ಲಿ ಇರುವ ದೈತ್ಯರು 16. ಹದಿನೇಳನೆಯದಕ್ಕೆ ಅಭಿಮಾನಿಗಳು ವರ್ಷಗಟ್ಟಲೆ ಬಂಡೆಬಂಡೆ ತಡಕಿದರು. ಅದು ಸಿಗಲೇ ಇಲ್ಲ. ಸಿಕ್ಕಿದ್ದು ದೇಗುಲದ ನೆತ್ತಿಯ ತೋಟ. ಅಷ್ಟೆತ್ತರ ಹತ್ತುವ ದಮ್ಮಿಗಾಗಿ ಆಟವನ್ನು ಮತ್ತೆ ಮತ್ತೆ ಮುಗಿಸಿ, ಬಿಳಿ ಬಾಲದ ಹಲ್ಲಿಗಳ ಬಾಲ ತಿನ್ನುತ್ತಾ ಹೋಗಬೇಕು. ಹತ್ತಿ ಹೋಗಿ ಅಲ್ಲಿನ ಹಣ್ಣು ತಿಂದರೆ ಕಷ್ಟಪಟ್ಟು ಬೆಳೆಸಿದ ಶಕ್ತಿ ಕುಗ್ಗುತ್ತದೆ, ಹಾಗಾಗಿ ರುಚಿ ನೋಡುವ ಮುಂಚೆ ಸೇವ್ ಮಾಡಿ. 2018ರ ಮರುರೂಪದಲ್ಲಿ ಈ ಹುಡುಕಾಟಕ್ಕೇ ಗೌರವವಾಗಿ 79 ನಾಣ್ಯ ಹರಡಿ, ಎಲ್ಲ ಸೇರಿಸಿದವರಿಗೆ ಒಂದು ಕತ್ತಿ ಇಟ್ಟರು.

ಈಗ ಕಾಲ ಬದಲಾಗಿದೆ. ಹುಡುಕುವವರು ಗೋಡೆ ತಟ್ಟುವುದಿಲ್ಲ, ಕಡತ ಬಿಚ್ಚುತ್ತಾರೆ. ಗೇಮ್ ಕಟ್ಟುವ ಉಚಿತ ತಂತ್ರಾಂಶವಾದ ಗೊಡೊ ಎಂಜಿನ್‌ನಲ್ಲಿ ಗೇಮ್ ಮಾಡುವ ತುಮಕೂರು, ಕೋಲಾರದ ಹುಡುಗರು ಇದನ್ನು ತಿಳಿದಿರಬೇಕು: ಎಕ್ಸ್‌ಪೋರ್ಟ್ ಆದ ಕಡತವನ್ನು ಬಿಚ್ಚುವ ಉಚಿತ ಸಾಧನಗಳಿವೆ, ಗುಪ್ತ ಪದವನ್ನು ಕೋಡ್‌ನಲ್ಲಿ ಹಾಗೇ ಬರೆದರೆ ನಿಮಿಷಗಳಲ್ಲಿ ಬಯಲು. ಪದದ ಬದಲು ಅದರ ಎಸ್‌ಎಚ್‌ಎ-256 ಹ್ಯಾಶ್ (ಪದದಿಂದ ಲೆಕ್ಕ ಹಾಕಿ ತೆಗೆಯುವ, ಮರಳಿ ಪದಕ್ಕೆ ತಿರುಗಿಸಲಾಗದ ಗುರುತು) ಇಟ್ಟು ಹೋಲಿಸುವುದು ಮೇಲು, ಪದ ಉದ್ದವಿದ್ದಷ್ಟೂ ಒಳ್ಳೆಯದು. ಕನ್ನಡ ಪದವಾದರೆ ಒಂದು ಎಚ್ಚರಿಕೆ. ‘ಕೊ’ ಎಂಬುದರ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಸಂಕೇತ ಸೇರಿಯೂ ಬರಬಹುದು. ನೋಡಲು ಒಂದೇ, ಹ್ಯಾಶ್ ಮಾತ್ರ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಸರಿಯಾದ ಪದ ಬರೆದವನಿಗೂ ಬಾಗಿಲು ತೆರೆಯುವುದಿಲ್ಲ. ಗೊಡೊ 4ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ, 3ರಲ್ಲಿ ಚೆಲ್ಲಾಪಿಲ್ಲಿ. ಇನ್ನೊಂದು ಗೇಮ್ ಎಂಜಿನ್ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲೂ ಅದೇ ಗೋಳು. ಅಂಥ ಕಡೆ ಹೆಸರನ್ನು ಪಿಎನ್‌ಜಿ ಚಿತ್ರವಾಗಿ ಬಿಡಿಸಿ ಅಂಟಿಸುವುದೇ ಸಲೀಸು. ರಾಬಿನೆಟ್ ಮಾಡಿದ್ದೂ ಅದನ್ನೇ, ಅವರ ಹೆಸರು ಅಕ್ಷರವಲ್ಲ, ಚಿತ್ರ.

ಕೊನೆಯದಾಗಿ ಕಾನೂನಿನ ಕಡೆ. 2005ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಗೇಮ್ನ ಡಿಸ್ಕ್‌ನಲ್ಲಿ ಬೀಗ ಹಾಕಿ ಬಿಟ್ಟಿದ್ದ ಅಶ್ಲೀಲ ದೃಶ್ಯ ಬಯಲಾಗಿ, ಅಮೆರಿಕದ ರೇಟಿಂಗ್ ಮಂಡಳಿ ಅದನ್ನು ವಯಸ್ಕರಿಗೆ ಮಾತ್ರ ಎಂದು ಬದಲಿಸಿತು. ಮರುವರ್ಷ ‘ಆಬ್ಲಿವಿಯನ್’ ಎಂಬ ಮಾಯಾಲೋಕದ ಆಟಕ್ಕೂ ಕಡತದಲ್ಲಿದ್ದ ಅರೆಬೆತ್ತಲೆ ಚಿತ್ರ ಮತ್ತು ರಕ್ತಪಾತದ ಕಾರಣಕ್ಕೆ ರೇಟಿಂಗ್ ಏರಿತು. ಅಂದಿನಿಂದ ಆಟಗಾರನಿಗೆ ಕಾಣದಿದ್ದರೂ ಡಿಸ್ಕ್‌ನಲ್ಲಿ ಇರುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಪ್ಲೇ ಸ್ಟೋರ್‌ಗೆ ಗೇಮ್ ಹಾಕುವಾಗ ತುಂಬುವ ರೇಟಿಂಗ್ ಪ್ರಶ್ನಾವಳಿಗೂ ಉತ್ತರಿಸುವಾಗ ಕಳ್ಳ ಕೋಣೆಯನ್ನು ಸೇರಿಸಿಯೇ ಉತ್ತರಿಸಬೇಕು. ತಟ್ಟೆ ಇಡ್ಲಿಗೆ ಯಾರೂ ಕೇಳುವುದಿಲ್ಲ. ಅದೇ ಕೋಣೆಯಲ್ಲಿ ತಮಾಷೆಗೆಂದು ಜೂಜಿನ ಮೇಜು ಇಟ್ಟು ‘ಜೂಜು ಇಲ್ಲ’ ಎಂದು ಬರೆದರೆ ರೇಟಿಂಗ್ ಬದಲಾಗಬಹುದು, ಗೇಮ್ ಸ್ಟೋರ್‌ನಿಂದಲೇ ಹೋಗಲೂಬಹುದು.