ಮರುಸೇರ್ಪಡೆ: ಮನೆ ಬಿಟ್ಟ ಮಗುವನ್ನು ಮತ್ತೆ ಮನೆ ಸೇರಿಸುವುದೆಂದರೆ…

ರೈಲ್ವೆ ನಿಲ್ದಾಣದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಒಂಟಿಯಾಗಿ ಸಿಕ್ಕ ಮಕ್ಕಳ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ‘ಬಾಲಕನನ್ನು ಪೋಷಕರ ವಶಕ್ಕೆ ಒಪ್ಪಿಸಲಾಯಿತು’ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಮರುಸೇರ್ಪಡೆ ಎಂದರೆ ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಮಗು ಯಾಕೆ ಮನೆ ಬಿಟ್ಟಿತು ಎಂದು ವಿಚಾರಿಸಿ, ಹೆತ್ತವರನ್ನೂ ಮಗುವನ್ನೂ ಕೂರಿಸಿ ಮಾತಾಡಿಸಿ, ಆ ಮನೆಯಲ್ಲಿ ಮಗು ಮತ್ತೆ ಭಯವಿಲ್ಲದೆ ಇರಬಹುದು ಎಂದು ಖಾತ್ರಿಯಾದ ಮೇಲೆ ಕಳಿಸುವುದು, ಕಳಿಸಿದ ಮೇಲೂ ಹೋಗಿ ನೋಡಿಕೊಂಡು ಬರುವುದು, ಇಷ್ಟೂ ಸೇರಿದರೆ ಮಾತ್ರ ಅದು ಮರುಸೇರ್ಪಡೆ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮನೆ ಬಿಟ್ಟು ಬಂದ, 18 ತುಂಬದ ಮಗು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಅದು ತಪ್ಪು ಮಾಡಿದೆ ಎಂದು ಕಾನೂನು ಎಲ್ಲೂ ಹೇಳುವುದಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಯ ತೀರ್ಮಾನ ಬರುವವರೆಗೆ ಮಗು ಬಾಲಮಂದಿರದಲ್ಲೋ ಸ್ವಲ್ಪ ದಿನಕ್ಕೆ ಆಸರೆ ಕೊಡುವ ತೆರೆದ ತಂಗುದಾಣದಲ್ಲೋ ಇರುತ್ತದೆ.

ನಿಜವಾದ ಕೆಲಸ ಶುರುವಾಗುವುದು ಸಾಮಾಜಿಕ ತನಿಖಾ ವರದಿಯಿಂದ, ಅಂದರೆ ಮಗುವಿನ ಮನೆಯ ಸ್ಥಿತಿಗತಿ ವಿಚಾರಿಸಿ ಸಮಿತಿಗೆ ಕೊಡುವ ವರದಿಯಿಂದ. 15 ದಿನದೊಳಗೆ ಇದು ಮುಗಿಯಬೇಕು. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಅಪ್ಪ ಬೈದು ಮೊಬೈಲ್ ಕಿತ್ತುಕೊಂಡರು, ಹುಡುಗ ರೈಲು ಹತ್ತಿದ ಎಂದುಕೊಳ್ಳಿ. ಅಂಕವೇ ಕಾರಣ ಎಂದು ಬರೆದುಕೊಂಡು ಎದ್ದುಬಂದರೆ ವರದಿ ಅರ್ಧಕ್ಕೇ ನಿಂತಂತೆ. ಮನೆಗೆ ಹೋಗಿ, ಪಕ್ಕದ ಮನೆಯವರನ್ನೂ ಮೇಷ್ಟ್ರನ್ನೂ ಮಾತಾಡಿಸಿದರೆ ಬೇರೆಯೇ ಕಥೆ ಹೊರಬರಬಹುದು: ಅಪ್ಪನ ಕುಡಿತ, ತಲೆಯ ಮೇಲಿನ ಸಾಲ, ರಾತ್ರಿಯಿಡೀ ಜಗಳ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅನುಭವವಿರುವ ಆಪ್ತಸಮಾಲೋಚಕರು ‘ಯಾಕೋ ಓಡಿ ಬಂದೆ?’ ಎಂದು ಶುರು ಮಾಡುವುದಿಲ್ಲ. ‘ಊಟ ಆಯ್ತಾ ಮಗಾ?’ ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ. ಮಗು ತನ್ನ ಹೆಸರನ್ನು ಸರಿಯಾಗಿ ಹೇಳುವುದಕ್ಕೇ ಒಂದೆರಡು ದಿನ ಹಿಡಿಯಬಹುದು.

ಬಡತನವೇ ಕಾರಣವಾಗಿದ್ದರೆ ಬರೀ ಬುದ್ಧಿಮಾತಿನಿಂದ ಏನೂ ಆಗದು. ಅದಕ್ಕೆಂದೇ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ: ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಾದರೆ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಮಗುವನ್ನು ಸಂಸ್ಥೆಯಲ್ಲಿಟ್ಟು ಸಾಕುವ ಬದಲು ಮನೆಯಲ್ಲೇ ಉಳಿಸಿಕೊಳ್ಳಲು ಕೊಡುವ ಹಣ ಇದು. ಇದರ ವಿಷಯ ಎಷ್ಟೋ ತಾಯಂದಿರ ಕಿವಿಗೇ ಬಿದ್ದಿರುವುದಿಲ್ಲ ಎಂಬುದು ನನಗೆ ತೀರಾ ನೋವಿನ ಸಂಗತಿ.

ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಲೇಬೇಕೆಂದಿಲ್ಲ. ಹೊಡೆತ, ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹದ ಭಯದಿಂದ ಬಂದ ಹುಡುಗಿಯನ್ನು ‘ಏನೇ ಆದರೂ ಹೆತ್ತವರು’ ಎಂದು ಅದೇ ಬಾಗಿಲಿಗೆ ಬಿಟ್ಟು ಬರುವುದು ಘೋರ ಅನ್ಯಾಯ. ಮಗುವಿನ ಹಿತಕ್ಕೆ ಒಗ್ಗದಿದ್ದರೆ ಕಳಿಸಬಾರದು ಎಂದು ಕಾನೂನೂ ಹೇಳುತ್ತದೆ. ಸಂಸ್ಥೆಯಲ್ಲೇ ಬೆಳೆದವರಿಗೆ 18 ದಾಟಿದ ಮೇಲೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆಯ, ಅಂದರೆ ಸಂಸ್ಥೆ ಬಿಟ್ಟ ಮೇಲೆ ಸ್ವಂತ ಕಾಲ ಮೇಲೆ ನಿಲ್ಲಲು ಕೊಡುವ, ನೆರವಿಗೂ ಅವಕಾಶವಿದೆ.

ನಮ್ಮಲ್ಲಿ ಈ ವ್ಯವಸ್ಥೆ ಹೆಚ್ಚಾಗಿ ಎಚ್ಚರಗೊಳ್ಳುವುದು ಮಗು ಪ್ಲಾಟ್‌ಫಾರಂ ಮುಟ್ಟಿದ ಮೇಲೆ. ಆಸ್ಟ್ರೇಲಿಯಾದ ‘ರೀಕನೆಕ್ಟ್’ ಯೋಜನೆ 12ರಿಂದ 18ರ ವಯಸ್ಸಿನವರು ಮನೆ ಕಳೆದುಕೊಳ್ಳುವ ಅಪಾಯದಲ್ಲಿರುವಾಗಲೇ ಮನೆಯವರ ಜತೆ ಮಾತಾಡಿ ಸಂಬಂಧ ಸರಿಪಡಿಸಲು ನೋಡುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಒಳ್ಳೆಯದೇ. ಆದರೆ ಶಾಲೆಯ ಶೌಚಾಲಯದ ಬಗ್ಗೆ ಧೈರ್ಯವಾಗಿ ಕೇಳುವ ಹುಡುಗಿ ತನ್ನ ಮನೆಯ ಜಗಳವನ್ನು ಊರ ಮುಂದೆ ಹೇಳುವಳೇ? ಅದು ಮೊದಲು ತಿಳಿಯುವುದು ತರಗತಿಯ ಮೇಷ್ಟ್ರಿಗೆ, ಅಂಗನವಾಡಿ ಟೀಚರ್‌ಗೆ, ಆಶಾ ಕಾರ್ಯಕರ್ತೆಗೆ. ಅವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಆಗಲೇ ತಿಳಿಸಿದರೆ ಸಮಾಲೋಚನೆಯನ್ನು ಮನೆಯಂಗಳದಲ್ಲೇ ಶುರು ಮಾಡಬಹುದು.

ಮಕ್ಕಳ ಸಹಾಯವಾಣಿ 1098. ದಿನದ 24 ಗಂಟೆಯೂ ಉಚಿತ. ಮಗುವೇ ಕರೆ ಮಾಡಬಹುದು, ದಾರಿ ತೋಚದ ತಾಯಿಯೂ ಮಾಡಬಹುದು. ಯಾರೂ ಕರೆದೊಯ್ಯದಿದ್ದರೆ ಮಗು ತಾನಾಗಿಯೇ ಸಮಿತಿಯ ಮುಂದೆ ಹೋಗಲೂ ಕಾಯ್ದೆಯಲ್ಲಿ ಅವಕಾಶವಿದೆ.