ಫ್ಲ್ಯಾಟ್‌ನವರಿಗೆ ನೋಟಿಸ್, ನಗರಸಭೆಗೆ ವಾಯಿದೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ ಎಸ್‌ಟಿಪಿ ಅಂದ್ರೆ ತಲೆನೋವು. ಕೊಳಚೆ ಶುದ್ಧ ಮಾಡುವ ಆ ಯಂತ್ರ ಸರಿಯಾಗಿ ಓಡದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬರುತ್ತದೆ. ಕರೆಂಟ್, ನೀರು ಕಡಿತ ಮಾಡಿಸುವ ಅಧಿಕಾರವೂ ಮಂಡಳಿಗಿದೆ. ನೀರಿನ ಮಾಲಿನ್ಯ ತಡೆಯುವ ಜಲ ಕಾಯ್ದೆಗೆ 1988ರಲ್ಲಿ ಸೇರಿಸಿದ 33ಎ ಸೆಕ್ಷನ್ ಕೊಟ್ಟ ಅಧಿಕಾರ ಅದು. 2016ರಲ್ಲಿ ನಗರದ ನೀರು, ಒಳಚರಂಡಿ ನೋಡಿಕೊಳ್ಳುವ ಜಲಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 50ಕ್ಕಿಂತ ಜಾಸ್ತಿ ಮನೆಗಳಿರುವ ಹಳೆಯ ಕಟ್ಟಡಗಳೂ ಎಸ್‌ಟಿಪಿ ಹಾಕಿಸಿಕೊಳ್ಳಬೇಕು ಎಂದಿತು. ಬೇಸ್‌ಮೆಂಟ್‌ನಲ್ಲಿ ಕಾರು ನಿಲ್ಲಿಸಲಿಕ್ಕೇ ಜಾಗ ಇಲ್ಲದವರು ಟ್ಯಾಂಕ್ ಎಲ್ಲಿ ಕಟ್ಟಬೇಕು? ವಿರೋಧ ಜೋರಾಗಿಯೇ ಬಂತು.

ಆ ಹೊತ್ತಿಗೆ ಬೆಳ್ಳಂದೂರು ಕೆರೆಯ ನೊರೆ ಪ್ರಪಂಚಕ್ಕೆಲ್ಲ ಗೊತ್ತಾಗಿತ್ತು. ನಗರದ ಕೊಳಚೆಯ ದೊಡ್ಡ ಪಾಲು ಹರಿದು ಬಂದು ಸೇರುವುದು ಅಲ್ಲಿಗೇ. ಆ ಕೊಳಚೆಯನ್ನು ಶುದ್ಧ ಮಾಡಬೇಕಾದವರು ಯಾರು? ಅದೇ ಜಲಮಂಡಳಿ. ಸರ್ಕಾರಿ ಘಟಕ ಕೆಲಸ ಮಾಡದಿದ್ದರೆ ಅದರ ಕರೆಂಟ್ ಕಟ್ ಮಾಡಿ ಏನು ಪ್ರಯೋಜನ ಹೇಳಿ. ಇದ್ದಬದ್ದ ಕೊಳಚೆಯೆಲ್ಲ ಹಾಗೇ ಕೆರೆಗೆ ಹೋಗುತ್ತದೆ, ಅಷ್ಟೇ.

ಹಾಗಂತ ಕಾನೂನು ಅಧಿಕಾರಿಗಳನ್ನು ಸುಮ್ನೆ ಬಿಟ್ಟಿರಲಿಲ್ಲ. 1974ರ ಜಲ ಕಾಯ್ದೆಯ 48ನೇ ಸೆಕ್ಷನ್ ಓದಿದರೆ ಆಶ್ಚರ್ಯವಾಗುತ್ತದೆ. ಸರ್ಕಾರಿ ಇಲಾಖೆ ತಪ್ಪು ಮಾಡಿದರೆ ಅದರ ಮುಖ್ಯಸ್ಥನೇ ತಪ್ಪಿತಸ್ಥ. ತನಗೆ ಗೊತ್ತಿಲ್ಲದೆ ಆಯಿತು, ತಡೆಯಲು ಎಲ್ಲ ಪ್ರಯತ್ನ ಮಾಡಿದ್ದೆ ಅಂತ ಸಾಬೀತು ಮಾಡುವ ಹೊಣೆ ಆತನದೇ. ಕೊಳಚೆ ಬಿಟ್ಟಿದ್ದಕ್ಕೆ ಆ ಕಾಯ್ದೆಯಲ್ಲಿ ಇದ್ದ ಶಿಕ್ಷೆ ಒಂದೂವರೆ ವರ್ಷದಿಂದ ಆರು ವರ್ಷ ಜೈಲು.

ಇದು ಕೋರ್ಟಿನಲ್ಲಿ ಹೇಗೆ ನಡೆಯಿತು ಅನ್ನುವುದಕ್ಕೆ ಬೊಮ್ಮನಹಳ್ಳಿಯ ಕೇಸ್ ನೋಡಬೇಕು. ಅಲ್ಲಿನ ನಗರಸಭೆ ಕೊಳಚೆಯನ್ನು ಶುದ್ಧ ಮಾಡದೆ ಬಿಡುತ್ತಿದೆ ಎಂದು ಮಾಲಿನ್ಯ ಮಂಡಳಿ 2006ರಲ್ಲಿ ದೂರು ಹಾಕಿತು. ಮರುವರ್ಷ ಆ ನಗರಸಭೆಯೇ ಬಿಬಿಎಂಪಿಯೊಳಗೆ ಕರಗಿಹೋಯಿತು. ಕೇಸ್ ಮಾತ್ರ ಉಳಿಯಿತು. ಕೊಳಚೆ ಬಿಟ್ಟರೋ ಇಲ್ಲವೋ ಅನ್ನುವುದಕ್ಕಿಂತ ಜಾಸ್ತಿ ಚರ್ಚೆಯಾದದ್ದು ಬೇರೆಯೇ ಪ್ರಶ್ನೆ: ನಗರಸಭೆ ಸರ್ಕಾರಿ ಇಲಾಖೆಯಾ, ಕಂಪನಿಯಾ? ಎರಡೂ ಅಲ್ಲ ಅಂದ್ರೆ ಅದರ ಅಧಿಕಾರಿಗಳನ್ನು ಯಾವ ಸೆಕ್ಷನ್ನಿಗೆ ಕಟ್ಟುವುದು? ಹೈಕೋರ್ಟಿನಲ್ಲಿ ದೂರು ರದ್ದಾಯಿತು. ನಗರಸಭೆಯೂ ಕಾನೂನಿನ ಕಣ್ಣಲ್ಲಿ ಒಂದು ಕಂಪನಿಯೇ, ಕೇಸ್ ನಡೆಯಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2019ರ ನವೆಂಬರ್‌ನಲ್ಲಿ. ಕೇಸ್ ನಡೆಸಬಹುದೋ ಇಲ್ಲವೋ ಅಂತ ತಿಳಿಯಲಿಕ್ಕೇ ಹದಿಮೂರು ವರ್ಷ!

ಈ ನಡುವೆ 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಹಸಿರು ನ್ಯಾಯಮಂಡಳಿ ತಾನಾಗಿಯೇ ವಿಚಾರಣೆ ಶುರು ಮಾಡಿತು. ಏಪ್ರಿಲ್‌ನಲ್ಲಿ ಕೆರೆಯ ಬಳಿ ಕಸ ಹಾಕಿದವರಿಗೆ 5 ಲಕ್ಷ ರೂಪಾಯಿ ದಂಡ ಎಂದಿತು, ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಿ ಎಂದಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ. ಆರಿಸಲು ಸೇನೆಯೇ ಬರಬೇಕಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ಕಟ್ಟುವಂತೆ ಆದೇಶಿಸಿತು. ಕೇಳಲು ಭಾರಿ ಮೊತ್ತ. ಆದರೆ ಬಿಬಿಎಂಪಿಯ ದುಡ್ಡು ಅಂದ್ರೆ ನಾವು ಕಟ್ಟಿದ ಆಸ್ತಿ ತೆರಿಗೆ ಅಲ್ವಾ? ಕೆರೆ ವಾಸನೆ ಕುಡಿದವರೇ ದಂಡವನ್ನೂ ಕಟ್ಟಿದಂತಾಯಿತು. ಯಾವ ಇಂಜಿನಿಯರ್ ಸಂಬಳದಿಂದಲೂ ಹೋಗುವ ಹಣ ಅಲ್ಲ ಅದು.

ಸಂಬಳದ ಮಾತು ಕಾನೂನಿಗೆ ಬಂದದ್ದು ಜಲ ಕಾಯ್ದೆಯ 2024ರ ತಿದ್ದುಪಡಿಯಲ್ಲಿ. ಬಂದ ರೀತಿ ಮಾತ್ರ ವಿಚಿತ್ರ. ಬಹುಪಾಲು ತಪ್ಪುಗಳಿಗೆ ಇದ್ದ ಜೈಲು ಶಿಕ್ಷೆ ಹೋಗಿ 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂತು. ಸರ್ಕಾರಿ ಇಲಾಖೆಯ ಮುಖ್ಯಸ್ಥರಿಗೆ ಇಟ್ಟದ್ದು ಬೇರೆಯೇ ಲೆಕ್ಕ: ಒಂದು ತಿಂಗಳ ಮೂಲ ವೇತನ. ಭತ್ಯೆ ಸೇರಿಸಿಲ್ಲ. ಶುರುವಿನಲ್ಲಿ ಇದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ. ಉಳಿದ ರಾಜ್ಯಗಳು ತಮ್ಮ ಶಾಸನಸಭೆಯಲ್ಲಿ ನಿರ್ಣಯ ಮಾಡಿ ಇದನ್ನು ಒಪ್ಪಿಕೊಳ್ಳಬೇಕು. ಆ ನಿರ್ಣಯದ ಕಡತ ಸಿದ್ಧ ಮಾಡುವವರೂ ಇಲಾಖೆಯ ಮುಖ್ಯಸ್ಥರೇ.