ಮುಂದಿನ ಚಕ್ರದ ಮೇಲೆ 15 ಕಿಲೋ

ಸೈಕಲ್‌ಗೆ ಮುಂದೆ ಕ್ಯಾರಿಯರ್ ಮಾಡಿಸುತ್ತೇನೆ ಅನ್ನಿ, ಬುದ್ಧಿ ಹೇಳುವವರು ಸಾಲುಗಟ್ಟಿ ಬರುತ್ತಾರೆ. ಮುಂದೆ ಭಾರ ಬಿದ್ದರೆ ಹ್ಯಾಂಡಲ್ ಎಳೆಯುತ್ತೆ. ಭಾರ ಏನಿದ್ದರೂ ಹಿಂದೇನೇ ಇರಬೇಕು. ಅವರಲ್ಲಿ ಒಬ್ಬರಾದರೂ ಗೈರೋಸ್ಕೋಪ್, ಅಂದರೆ ಬುಗುರಿಯ ಹಾಗೆ ಸುತ್ತುತ್ತಿರುವಷ್ಟು ಹೊತ್ತು ಬೀಳದ ಚಕ್ರದ, ಹೆಸರು ತೆಗೆಯುತ್ತಾರೆ. ಚಕ್ರ ಜೋರಾಗಿ ಸುತ್ತುವುದರಿಂದಲೇ ಸೈಕಲ್ ಬೀಳದೆ ನಿಲ್ಲೋದು, ಅದರ ಮೇಲೆ ಭಾರ ಹೇರಿದರೆ ಆ ಶಕ್ತಿ ಹೋಗಿಬಿಡುತ್ತೆ ಅಂತ. ಹ್ಯಾಂಡಲ್ ಎಳೆಯುವ ಮಾತಿನಲ್ಲಿ ಅರ್ಧ ಸತ್ಯವಿದೆ. ಗೈರೋಸ್ಕೋಪಿನ ಮಾತು ಮಾತ್ರ ವಿಜ್ಞಾನದ ವೇಷ ಹಾಕಿದ ಮೂಢನಂಬಿಕೆ.

1899ರಲ್ಲೇ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ವಿಪಲ್ ಸೈಕಲ್ ಚಲನೆಯ ಸಮೀಕರಣಗಳನ್ನು ಬರೆದಿದ್ದರು. 1970ರಲ್ಲಿ ಬ್ರಿಟನ್ನಿನ ಡೇವಿಡ್ ಜೋನ್ಸ್ ಇನ್ನೂ ಮಜವಾದ ಕೆಲಸ ಮಾಡಿದರು. ಯಾರೂ ಓಡಿಸಲಾಗದ ಸೈಕಲ್ ಕಟ್ಟಬೇಕು ಅಂತ ಹೊರಟರು! ಮುಂದಿನ ಚಕ್ರದ ಪಕ್ಕದಲ್ಲೇ ಇನ್ನೊಂದು ಚಕ್ರ ಜೋಡಿಸಿ ಅದನ್ನು ಉಲ್ಟಾ ಸುತ್ತಿಸಿದರು. ಒಂದರ ಗೈರೋಸ್ಕೋಪ್ ಪರಿಣಾಮ ಇನ್ನೊಂದಕ್ಕೆ ವಜಾ ಆಯಿತು. ಆದರೂ ಸೈಕಲ್ ಓಡಿಸಲು ಏನೂ ತೊಂದರೆಯಾಗಲಿಲ್ಲ. ಕೈ ಬಿಟ್ಟು ಓಡಿಸೋದು ಮಾತ್ರ ಕಷ್ಟವಾಯಿತು.

ನನಗೆ ಇದಕ್ಕಿಂತ ಇಷ್ಟವಾಗುವುದು 2011ರ ಪ್ರಯೋಗ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಸೇರಿ ಒಂದು ವಿಚಿತ್ರ ಸೈಕಲ್ ಮಾಡಿದರು. ಅದರಲ್ಲಿ ಗೈರೋಸ್ಕೋಪ್ ಪರಿಣಾಮ ಇರಲಿಲ್ಲ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಟಯರು ನೆಲ ಮುಟ್ಟುವ ಜಾಗ ಅದರ ಹಿಂದೆ ಬೀಳುವುದರಿಂದ ಸಿಗುವ ಸಹಾಯವೂ ಇರಲಿಲ್ಲ. ಆದರೂ ತಳ್ಳಿಬಿಟ್ಟರೆ ಸವಾರನಿಲ್ಲದೆ ಓಡುತ್ತಿತ್ತು, ಪಕ್ಕಕ್ಕೆ ತಟ್ಟಿದರೆ ತಾನೇ ಸರಿಮಾಡಿಕೊಳ್ಳುತ್ತಿತ್ತು. ಹೇಗೆ? ಮುಂಭಾಗದ ತೂಕವನ್ನು ಅವರು ಹ್ಯಾಂಡಲ್ ಅಕ್ಷಕ್ಕಿಂತ ಸ್ವಲ್ಪ ಮುಂದೆ, ಹಿಂಭಾಗದ ತೂಕಕ್ಕಿಂತ ಕೆಳಗೆ ಇಟ್ಟಿದ್ದರು. ಉದ್ದ ಕೋಲನ್ನು ಅಂಗೈ ಮೇಲೆ ನಿಲ್ಲಿಸಬಹುದು, ಪೆನ್ಸಿಲ್ ನಿಲ್ಲಿಸಲಾಗದು, ಅಲ್ವಾ? ಗಿಡ್ಡದ್ದು ಬೇಗ ಬೀಳುತ್ತದೆ. ಹಾಗೆಯೇ ಸೈಕಲ್ ಎಡಕ್ಕೆ ವಾಲಿದಾಗ ಕೆಳಗಿದ್ದ ಮುಂಭಾಗ ಬೇಗ ಬೀಳಲು ಹೊರಟು, ಹ್ಯಾಂಡಲನ್ನು ಎಡಕ್ಕೇ ತಿರುಗಿಸುತ್ತದೆ. ವಾಲಿದ ಕಡೆಗೆ ಚಕ್ರ ತಿರುಗಿದರೆ ಚಕ್ರ ಭಾರದ ಅಡಿಗೆ ಬರುತ್ತದೆ. ಸೈಕಲ್ ಎದ್ದು ನಿಲ್ಲುತ್ತದೆ.

ಅಂದರೆ ಮುಂದಿನ ಭಾರ ಸೈಕಲ್‌ನ ಶತ್ರುವೇನಲ್ಲ. ಎಲ್ಲಿ ಇಡುತ್ತೀರಿ ಅನ್ನೋದೇ ಪ್ರಶ್ನೆ.

ಪ್ಯಾರಿಸ್‌ನ ಪತ್ರಿಕೆ ಹಂಚುವವರಿಗೆ ಇದು ಸಮೀಕರಣವಿಲ್ಲದೆ ಗೊತ್ತಿತ್ತು. ಅಚ್ಚಾದ ಪತ್ರಿಕೆಯ ಕಟ್ಟುಗಳನ್ನು ಅವರು ಮುಂದಿನ ಚಕ್ರದ ಮೇಲಿನ ಚಪ್ಪಟೆ ಕ್ಯಾರಿಯರ್‌ನಲ್ಲಿ ಹೇರಿಕೊಂಡು ಅಂಗಡಿಯಿಂದ ಅಂಗಡಿಗೆ ಓಡುತ್ತಿದ್ದರು. ಅವರಿಗಾಗಿಯೇ ಒಂದು ರೇಸ್ ಕೂಡ ನಡೆಯುತ್ತಿತ್ತು. 15 ಕಿಲೋ ಹೊರೆ ಮುಂದಿಟ್ಟುಕೊಂಡೇ ಸ್ಪರ್ಧಿಸಬೇಕು! ರೆನೆ ಎರ್ಸ್ ಅವರಂಥ ಕುಶಲಕರ್ಮಿಗಳು ಪ್ರತಿ ಸೈಕಲ್‌ನ ಅಳತೆಗೆ ತಕ್ಕ ಹಾಗೆ ತೆಳು ಉಕ್ಕಿನ ಕೊಳವೆಗಳಿಂದ ಕ್ಯಾರಿಯರ್ ಕಟ್ಟಿಕೊಡುತ್ತಿದ್ದರು. ಭಾರ ಮುಂದಿದ್ದರೆ ಕಣ್ಣೆದುರಿಗೇ ಇರುತ್ತದೆ, ಕೈಗೂ ಬೇಗ ಸಿಗುತ್ತದೆ. ಹೇಗೂ ಸವಾರನ ತೂಕ ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರದ ಮೇಲೇ ಬಿದ್ದಿರುತ್ತದೆ. ಅದರ ಮೇಲೆ ಹೊರೆಯನ್ನೂ ಹೇರಿ, ಏರು ರಸ್ತೆಯಲ್ಲಿ ಮುಂದಿನ ಚಕ್ರ ಹಗುರವಾಯಿತು ಅಂತ ಒದ್ದಾಡೋದು ಯಾಕೆ?

ಈಗ ಹ್ಯಾಂಡಲ್ ಎಳೆಯುವ ಆ ಅರ್ಧ ಸತ್ಯಕ್ಕೆ ಬರೋಣ. ಹ್ಯಾಂಡಲ್ ಸುತ್ತುವ ಅಕ್ಷ ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ. ಸಾಮಾನ್ಯ ಸೈಕಲ್‌ನಲ್ಲಿ ನೆಲದೊಂದಿಗೆ ಅದರ ಕೋನ 72 ಡಿಗ್ರಿ ಆಸುಪಾಸು. ಹಾಗಾಗಿ ಪ್ರತಿ 10 ಸೆಂ.ಮೀ. ಮೇಲೆ ಹೋದಂತೆ ಅಕ್ಷ ಸುಮಾರು 3 ಸೆಂ.ಮೀ. ಹಿಂದೆ ಸರಿಯುತ್ತದೆ. ಮುಂದಿನ ಚಕ್ರದ ನಡುವಿನ ಆಕ್ಸಲ್‌ನ ನೇರಕ್ಕೆ, ನೆಲದಿಂದ 70 ಸೆಂ.ಮೀ. ಎತ್ತರದಲ್ಲಿ ಡಬ್ಬ ಇಟ್ಟರೆ ಅದು ಅಕ್ಷದಿಂದ ಆಗಲೇ 16 ಸೆಂ.ಮೀ. ಮುಂದಿರುತ್ತದೆ. ಅದೇ ಭಾರ ಚೀಲದಲ್ಲಿ ಆಕ್ಸಲ್ ಮಟ್ಟಕ್ಕೆ ಇಳಿದರೆ ದೂರ 5 ಸೆಂ.ಮೀ.ಗೆ ಬರುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಅಕ್ಷದಿಂದ ದೂರ ಎರಡು ಪಟ್ಟಾದರೆ ಹ್ಯಾಂಡಲ್ ತಿರುಗಿಸಲು ಎದುರಾಗುವ ಜಡತ್ವ ನಾಲ್ಕು ಪಟ್ಟಾಗುತ್ತದೆ. ಹ್ಯಾಂಡಲ್‌ಗೆ ತೂಗುಹಾಕಿದ ಬುಟ್ಟಿ ಎತ್ತರದಲ್ಲೂ ಇದೆ, ಮುಂದಕ್ಕೂ ಇದೆ. ಅದಕ್ಕೆ ಬೈಗುಳ ಸಲ್ಲಬೇಕಾದ್ದೇ. ಆ ಬುಟ್ಟಿ ಮಾಡಿದ ತಪ್ಪಿಗೆ ಮುಂದಿನ ಕ್ಯಾರಿಯರ್ ಕುಲಕ್ಕೇ ಶಿಕ್ಷೆ ಕೊಡೋದು ಅನ್ಯಾಯ.

ಆದ್ದರಿಂದ ಕ್ಯಾರಿಯರ್‌ನ ಹಲಗೆ ಮಡ್‌ಗಾರ್ಡ್‌ಗೆ ತಾಗದಷ್ಟು ಮೇಲಿದ್ದರೆ ಸಾಕು, ಅದಕ್ಕಿಂತ ಎತ್ತರ ಬೇಡ. ಆದಷ್ಟು ಹಿಂದೆ, ಹ್ಯಾಂಡಲ್ ಕಡೆಗೆ ಸರಿಸಿ. ಕೆಳಗೆ ಎರಡು ಕಾಲು, ಆಕ್ಸಲ್‌ನ ಎರಡೂ ಪಕ್ಕಕ್ಕೆ. ಅಷ್ಟಕ್ಕೇ ನಿಲ್ಲಿಸಿದರೆ ಇಡೀ ಕ್ಯಾರಿಯರ್ ಆಕ್ಸಲ್ ಸುತ್ತ ಮುಂದಕ್ಕೆ ಮಗುಚುತ್ತದೆ. ಹಾಗಾಗಿ ಮುಂದಿನ ಚಕ್ರವನ್ನು ಎರಡೂ ಪಕ್ಕ ಹಿಡಿದಿರುವ ಫೋರ್ಕ್‌ನ ನೆತ್ತಿಗೆ ಮೂರನೇ ಹಿಡಿತ ಬೇಕೇ ಬೇಕು. ಪಕ್ಕದಿಂದ ನೋಡಿದರೆ ಇದೊಂದು ತ್ರಿಕೋನ. ತ್ರಿಕೋನ ಮಡಚುವುದಿಲ್ಲ. ಎದುರಿನಿಂದ ನೋಡಿದಾಗ ತಲೆನೋವು ಶುರು. ಎರಡು ಕಾಲು, ಮೇಲೆ ಹಲಗೆ, ಅದು ಚೌಕ. ಚೌಕಕ್ಕೆ ಅಡ್ಡಲಾಗಿ ಒಂದು ಓರೆಪಟ್ಟಿ ಹಾಕೋಣ ಅಂದರೆ ಆ ಜಾಗದಲ್ಲಿ ಚಕ್ರವೇ ಕೂತಿದೆ! ಪಕ್ಕಕ್ಕೆ ಓಲಾಡದಂತೆ ತಡೆಯುವ ಕೆಲಸವೆಲ್ಲ ಆ ಫೋರ್ಕ್ ಹಿಡಿತದ ಮೇಲೆ ಬೀಳುತ್ತದೆ. ಅದಕ್ಕೆ ಅಗಲವಾದ, ದಪ್ಪ ಪಟ್ಟಿ ಕೊಡಿ.

ದಪ್ಪ ಸರಳು ಹಾಕಿದರೆ ಗಟ್ಟಿ ಅನ್ನೋದು ವೆಲ್ಡಿಂಗ್ ಅಂಗಡಿಯ ನಂಬಿಕೆ. ಲೆಕ್ಕ ನೋಡಿ. 10 ಮಿ.ಮೀ. ಗಟ್ಟಿ ಸರಳಿನ ಬದಲು 16 ಮಿ.ಮೀ. ಹೊರವ್ಯಾಸದ, 1 ಮಿ.ಮೀ. ಗೋಡೆಯ ಕೊಳವೆ ತಗೊಂಡರೆ ತೂಕ 60 ಶೇಕಡಾಕ್ಕೆ ಇಳಿಯುತ್ತದೆ, ಬಾಗದೆ ನಿಲ್ಲುವ ಬಿಗಿ 2.7 ಪಟ್ಟಾಗುತ್ತದೆ. ಕೇಂದ್ರದಿಂದ ದೂರವಿರುವ ಲೋಹವೇ ಹೆಚ್ಚು ಕೆಲಸ ಮಾಡುವುದು. ಬಗ್ಗಿಸುವಾಗ ಕೊಳವೆ ಚಪ್ಪಟೆಯಾಗದಿರಲು ಒಳಗೆ ಮರಳು ತುಂಬಿ ಬಾಯಿ ಮುಚ್ಚಬೇಕು. ಕಾಯಿಸುವುದಾದರೆ ಮರಳು ಪೂರ್ತಿ ಒಣಗಿರಲಿ, ನೀರಿದ್ದರೆ ಆವಿಯಾಗಿ ಸಿಡಿಯುತ್ತದೆ. ಸತು ಲೇಪಿಸಿದ ಜಿಐ ಪೈಪು ಬೇಡ, ಕಾಯಿಸಿದರೆ ಸತುವಿನ ಹೊಗೆ ಎದೆಗೆ ಕೆಟ್ಟದ್ದು. ಬೆಸುಗೆಗೆ ಹಿತ್ತಾಳೆ ಒಳ್ಳೆಯದು. ಅದು ಸುಮಾರು 900 ಡಿಗ್ರಿಯಲ್ಲೇ ಕರಗುತ್ತದೆ, ತೆಳು ಉಕ್ಕು ತೂತಾಗುವುದಿಲ್ಲ.

ಕೊಳವೆಯ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ತೂತು ಕೊರೆಯುವ ಚಾಳಿ ನಮ್ಮಲ್ಲಿದೆ. ದುಂಡು ಮುಗಿದು ಚಪ್ಪಟೆ ಶುರುವಾಗುವ ಆ ಮಡಿಕೆಯಲ್ಲೇ ಅದು ಮುರಿಯುತ್ತದೆ. 1842ರಲ್ಲಿ ವರ್ಸೈನಿಂದ ಪ್ಯಾರಿಸ್‌ಗೆ ಹೊರಟ ರೈಲು ಆಕ್ಸಲ್ ಮುರಿದು ಬಿದ್ದು ಹಲವರು ಸತ್ತರು. ಇಂಥ ಆಕ್ಸಲ್‌ಗಳು ಮುರಿಯುವುದು ಯಾಕೆ ಅಂತ ಜರ್ಮನಿಯ ಆಗುಸ್ಟ್ ವೋಲರ್ ಮುಂದೆ ವರ್ಷಗಟ್ಟಲೆ ಪರೀಕ್ಷೆ ನಡೆಸಿದರು. ಒಂದೇ ಸಲ ತಡೆದುಕೊಳ್ಳುವ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವನ್ನು ಲಕ್ಷಗಟ್ಟಲೆ ಸಲ ಕೊಟ್ಟರೂ ಉಕ್ಕು ಬಿರುಕು ಬಿಡುತ್ತದೆ ಅಂತ ತೋರಿಸಿದರು. ರಸ್ತೆಯ ಪ್ರತಿ ಗುಂಡಿಯೂ ನಿಮ್ಮ ಕ್ಯಾರಿಯರ್‌ಗೆ ಅಂಥ ಒಂದು ಸಲ. ಮಡಿಕೆ, ತೂತು, ಬೆಸುಗೆಯ ಅಂಚು, ಬಿರುಕು ಹುಟ್ಟುವುದೇ ಇಲ್ಲಿ. ತುದಿಗೆ ಪ್ರತ್ಯೇಕ ಪಟ್ಟಿಯ ತುಂಡು ಬೆಸೆದು ಅದರಲ್ಲಿ ತೂತು ಕೊರೆಯಿರಿ. ನೈಲಾನ್ ಒಳಪಟ್ಟಿಯ ನಟ್ಟು ಹಾಕಿ, ಅದುರಿ ಸಡಿಲವಾಗುವುದಿಲ್ಲ. ನಿಜವಾದ ಪಲ್ಟಿ ಆಗುವುದು ಕ್ಯಾರಿಯರ್ ಕಳಚಿ ಚಕ್ರಕ್ಕೆ ಸಿಕ್ಕಿಕೊಂಡಾಗ.

20 ಕಿಲೋ ದಾಟಿದ ಹೊರೆಗೆ ನಾನಾದರೆ ದಾರಿಯನ್ನೇ ಬದಲಿಸುತ್ತೇನೆ. ಇಂಗ್ಲೆಂಡಿನ ಮಾಂಸದಂಗಡಿಯ ಸೈಕಲ್‌ಗಳಲ್ಲಿ ಕ್ಯಾರಿಯರ್ ಇರುತ್ತಿದ್ದುದು ಫ್ರೇಮಿಗೆ. ಹ್ಯಾಂಡಲ್ ತಿರುಗಿದರೂ ಬುಟ್ಟಿ ಅಲ್ಲಾಡದು. ಮುಂದಿನ ಚಕ್ರ ಚಿಕ್ಕದಾದ್ದರಿಂದ ಬುಟ್ಟಿ ಕೆಳಗೂ ಇರುತ್ತಿತ್ತು. ನಮ್ಮ ಹಳೇ 28 ಇಂಚಿನ ಸೈಕಲ್‌ಗೆ ಇದನ್ನು ಮಾಡಿಸುವುದಾದರೆ ಒಂದು ತೊಡಕಿದೆ. ಫ್ರೇಮಿನ ಮುಂದುಗಡೆಯೇ ಬ್ರೇಕಿನ ಸರಳು ಇಳಿದಿರುತ್ತದೆ, ಹ್ಯಾಂಡಲ್ ಜೊತೆ ತಿರುಗುತ್ತದೆ. ಕ್ಲಾಂಪ್ ಬಿಗಿಯುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಬ್ರೇಕ್ ಹಿಡಿದು ನೋಡಿ.